ಎರಡು ಅಡುಗೆಮನೆಯ ಪೆಟ್ಟಿಗೆ

ಜುಲೈ 26, ಶನಿವಾರ. ರಾತ್ರಿ

ಪೆಟ್ಟಿಗೆ ಬಿಚ್ಚಿ ಅಂಗಳದಲ್ಲಿ ಒಣಗಲು ಹಾಕಿದ್ದೆ. ಕಳೆದ ವಾರದ ಮಳೆಗೆ ಟೆಂಟಿನ ಬಟ್ಟೆಯೆಲ್ಲ ಒದ್ದೆ. ಪೆಟ್ಟಿಗೆ — ನನ್ನ ಗಂಡ ಯಶವಂತ್ ಇಟ್ಟ ಹೆಸರು, ನನ್ನ ಬಾಯಿಗೂ ಅಂಟಿಕೊಂಡಿದೆ. ಪಾಪ, ಟ್ಯೂಫ್ ಅನ್ನುವ ಇಲ್ಲಿನ ವಾಹನ ತಪಾಸಣೆ ಪಾಸಾದ ಕ್ಯಾಂಪಿಂಗ್ ಟ್ರೇಲರ್ ಅದು. ನನ್ನ ಬೈಕಿನ ಹಿಂದೆ ಊರೂರು ತಿರುಗುತ್ತದೆ. ಮುಚ್ಚಿದರೆ ಮಲಗಿಸಿದ ಫ್ರಿಜ್ಜಿನಷ್ಟು, ಬಿಚ್ಚಿದರೆ ಇಬ್ಬರು ಮಲಗುವ ಕೋಣೆ.

ಮಧ್ಯಾಹ್ನ ಒಂದು ಗಂಟೆಗೆ ಮಡಿಸಲು ಹೋದರೆ ಒಳಗೆ ಅತ್ತೆ! ಗಾಢ ನಿದ್ದೆ. ಚಪ್ಪಲಿ ಹೊರಗೆ ಹುಲ್ಲಿನ ಮೇಲೆ, ದೇವಸ್ಥಾನಕ್ಕೆ ಹೋಗುವಾಗ ಬಿಟ್ಟ ಹಾಗೆ. ಉಡುಪಿಯಿಂದ ಬಂದು ಐದು ವಾರ. ಐದು ವಾರವೂ ಒಂದೇ ದೂರು, ಈ ಊರಲ್ಲಿ ನಿದ್ದೆ ಬರುವುದಿಲ್ಲ ಅಂತ. ಇಲ್ಲಿ ನೋಡಿದರೆ ಗೊರಕೆ.

ಎಬ್ಬಿಸಲಿಲ್ಲ. ಹುಲ್ಲಿನ ಮೇಲೆ ಕೂತೆ. ಬಟ್ಟೆ ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಒಳಗಿನ ಬೆಳಕೆಲ್ಲ ಹಳದಿ. ನನಗೂ ಕಣ್ಣು ಎಳೆಯಿತು.

ಸಂಜೆ ಎಂದಿನಂತೆ ಎರಡು ಅಡುಗೆ. ನಾನು ಅಡುಗೆಮನೆಯಲ್ಲಿ, ಅವರು ಬಾಲ್ಕನಿಯ ಪಕ್ಕ ತಮ್ಮದೇ ಒಲೆ, ತಮ್ಮದೇ ಪಾತ್ರೆ. ಊರಿಂದ ಹೊತ್ತು ತಂದದ್ದು. ಬೈಗುಳವಿಲ್ಲ, ಮುಖ ಗಂಟು ಹಾಕುವುದಿಲ್ಲ. ನನ್ನದು ಮೀನು ಬೇಯಿಸಿದ ಕೈ, ಇಗರ್ಜಿಯಲ್ಲಿ ಶಿಲುಬೆ ಗುರುತು ಹಾಕುವ ಕೈ, ಅಷ್ಟೆ. ಮದುವೆಯಾಗಿ ಹನ್ನೊಂದು ವರ್ಷ. ನಾನು ಕೊಟ್ಟ ಒಂದು ಲೋಟ ಚಹಾ ಕೂಡ ಕುಡಿದವರಲ್ಲ. ಸೆಪ್ಟೆಂಬರ್ ಹತ್ತಕ್ಕೆ ಅವರ ವಾಪಸು ವಿಮಾನ. ಅಷ್ಟರೊಳಗೆ ಒಂದೇ ಒಂದು ಸಲ ನನ್ನ ಕೈಯ ಊಟ ಉಂಡರೆ ಸಾಕು ಅನ್ನಿಸುತ್ತದೆ. ಯಾರಿಗೂ ಹೇಳಿಲ್ಲ. ಯಶವಂತನಿಗೂ.

ಆಗಸ್ಟ್ 3, ಭಾನುವಾರ

ಯಶವಂತನ ರಜೆ ರದ್ದು. ರೇಗನ್ಸ್‌ಬುರ್ಗ್‌ನ ಕ್ಲೈಂಟ್ ಕರೆದಿದ್ದಾನಂತೆ. ಅಮ್ಮನನ್ನು ರೈಲಲ್ಲಿ ಉತ್ತರದ ಬಾಲ್ಟಿಕ್ ಸಮುದ್ರಕ್ಕೆ ಕರೆದುಕೊಂಡು ಹೋಗುವ ಪ್ಲಾನ್ ಅಲ್ಲಿಗೆ ಮುಗಿಯಿತು. ನಾನು ಹೇಗೂ ಬೈಕಿನಲ್ಲಿ ಆ ಕಡೆ ಹೊರಟವಳು. ಒಬ್ಬಳೇ.

ಅತ್ತೆ ಬೀನ್ಸ್ ಮುರಿಯುತ್ತಾ ಮಗನಿಗೆ ಹೇಳಿದರು, "ಅವಳ ಪೆಟ್ಟಿಗೆಯಲ್ಲಿ ನನಗೂ ಜಾಗ ಉಂಟಲ್ಲ? ನಾನು ಹೋಗ್ತೇನೆ."

"ಅಮ್ಮಾ, ಪೆಟ್ಟಿಗೆಯಲ್ಲಿ ಕೂರ್ಲಿಕ್ಕಾಗುದಿಲ್ಲ. ಬೈಕಲ್ಲಿ ಕೂರ್ಬೇಕು. ಹೆಲ್ಮೆಟ್ ಹಾಕಿ!"

"ನಿಮ್ಮಪ್ಪನ ಲ್ಯಾಂಬ್ರೆಟ್ಟಾ ಸ್ಕೂಟರಲ್ಲಿ ನಿನ್ನನ್ನು ಹೊಟ್ಟೆಯಲ್ಲಿಟ್ಟು ಕಾರ್ಕಳಕ್ಕೆ ಹೋಗಿದ್ದೇನೆ. ಇದೆಂತ ಮಹಾ?"

ಯಶವಂತ್ ನನ್ನ ಕಡೆ ನೋಡಿದ. ನಾನು ಗೋಡೆ ಕಡೆ ನೋಡಿದೆ. ನಗು ತಡೆಯಲಾಗಲಿಲ್ಲ.

ಆಗಸ್ಟ್ 8, ಶುಕ್ರವಾರ. ಸಂಜೆ

ತುರುಬಿಗೆ ಹೆಲ್ಮೆಟ್ ಹಿಡಿಯಲಿಲ್ಲ. ಜಡೆ ಹಾಕಿಸಿಕೊಂಡರು. ನನ್ನ ಕೈಯಲ್ಲೇ! ಜಡೆ ಹಾಕಬಹುದು, ಚಹಾ ಕೊಡಬಾರದು. ಈ ಕಾನೂನಿನ ಪುಸ್ತಕ ಎಲ್ಲಿ ಸಿಗುತ್ತದೋ.

ಪೆಟ್ಟಿಗೆ ತುಂಬಿಸಿ, ಬೈಕಿಗೆ ಕೊಂಡಿ ಹಾಕುವ ಅದರ ಮೂತಿಯನ್ನು ಬಾತ್ರೂಮ್‌ನ ತೂಕದ ಯಂತ್ರದ ಮೇಲೆ ಇಟ್ಟೆ. ಹನ್ನೆರಡು ಕಿಲೋ. ಸರಿಯಾಗಿದೆ. ಮೂತಿಯಲ್ಲಿ ಭಾರ ಇರಲೇಬೇಕು, ಹಿಂದೆ ಜಾಸ್ತಿಯಾದರೆ ಓಡುವಾಗ ಬಾಲ ಅಲ್ಲಾಡಿಸುತ್ತದೆ. ಅತ್ತೆಯ ಪಾತ್ರೆ ಚೀಲ ಮಾತ್ರ ಇನ್ನೂ ಮನೆಯೊಳಗಿದೆ. ನಾನು ಮುಟ್ಟುವ ಹಾಗಿಲ್ಲ. ಬೆಳಗ್ಗೆ ಅವರೇ ಇಟ್ಟುಕೊಳ್ಳಲಿ.

ಆಗಸ್ಟ್ 9, ಶನಿವಾರ. ಸಂಜೆ, ಕೋಬುರ್ಗ್ ದಾಟಿ

ನೂರ ಹತ್ತು ಕಿಲೋಮೀಟರ್. ಟ್ರೇಲರ್ ಕಟ್ಟಿಕೊಂಡ ಬೈಕಿಗೆ ಅರವತ್ತರ ಮಿತಿ, ಅದಕ್ಕಿಂತ ಜೋರಾಗಿ ಹೋಗುವ ಆಸೆ ಇಬ್ಬರಿಗೂ ಇಲ್ಲ. ಎಲ್ಲರೂ ನಮ್ಮನ್ನು ದಾಟಿ ಹೋದರು. ಟ್ರ್ಯಾಕ್ಟರ್ ಒಂದನ್ನು ಬಿಟ್ಟು. ಗೋಧಿ ಕೊಯ್ದ ಹೊಲ, ಮೇಲೆ ಬಿಳಿ ಮೋಡ, ನಡುವೆ ನಾವು. ಬೆನ್ನ ಹಿಂದೆ ಅತ್ತೆ ಏನೋ ಗುನುಗುತ್ತಿದ್ದರು. ಹೆಲ್ಮೆಟ್ ಒಳಗಿನ ಹಾಡು, ಯಾವುದೆಂದು ಗೊತ್ತಾಗಲಿಲ್ಲ. ದಾರಿ ಮುಗಿಯುವುದೇ ಬೇಡ ಅನ್ನಿಸಿತು.

ಕ್ಯಾಂಪಿಂಗ್ ಜಾಗದಲ್ಲಿ ಪೆಟ್ಟಿಗೆಯ ಆ ತುದಿ ಅವರ ಒಲೆ, ಈ ತುದಿ ನನ್ನದು. ಪಕ್ಕದ ಡಚ್ ಅಜ್ಜ ಕೇಳಿದ, ನೀವಿಬ್ಬರೂ ಜಗಳವಾಡಿದ್ದೀರಾ ಅಂತ.

ಆಗಸ್ಟ್ 10, ಭಾನುವಾರ. ಮಧ್ಯಾಹ್ನ

 

ಥುರಿಂಗಿಯಾ ಕಾಡಿನ ಇಳಿಜಾರು. ಸ್ಪೀಡ್ ಐವತ್ತೆಂಟು. ಹಿಂದಿನಿಂದ ಯಾರೋ ಸೀಟು ಹಿಡಿದು ಅಲುಗಾಡಿಸಿದ ಹಾಗೆ... ಕನ್ನಡಿಯಲ್ಲಿ ಪೆಟ್ಟಿಗೆ ಎಡಕ್ಕೆ, ಬಲಕ್ಕೆ, ಎಡಕ್ಕೆ. ಬ್ರೇಕ್ ಹಿಡಿಯಬಾರದು ಅಂತ ಗೊತ್ತಿತ್ತು, ಹಿಡಿಯಲಿಲ್ಲ. ಆಕ್ಸಿಲರೇಟರ್ ಬಿಟ್ಟೆ. ಅತ್ತೆ ನನ್ನ ಸೊಂಟ ಅಪ್ಪಿ ಹಿಡಿದರು, ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು. ಎಷ್ಟು ಹೊತ್ತೋ. ಕೊನೆಗೆ ಬಾಲ ಸುಮ್ಮನಾಯಿತು. ಒಂದು ಬಸ್ ಸ್ಟಾಪಿನಲ್ಲಿ ನಿಲ್ಲಿಸಿದೆ.

ಹಿಂದಿನ ಬಾಗಿಲು ತೆರೆದು ನೋಡಿದರೆ ತುತ್ತತುದಿಯಲ್ಲಿ ಅತ್ತೆಯ ಚೀಲ. ಕುಕ್ಕರ್, ಕಂಚಿನ ಉರುಳಿ, ಒಲೆ, ಡಬ್ಬಿಗಳು. ಮುಂದಿದ್ದ ನನ್ನ ಪಾತ್ರೆಗೆ ತಾಗದಷ್ಟು ದೂರದಲ್ಲಿ ಇಟ್ಟಿದ್ದಾರೆ. ಹದಿನಾಲ್ಕು ಕಿಲೋ ಇರಬೇಕು. ನಿನ್ನೆ ಸಮತಟ್ಟು ರಸ್ತೆಯಲ್ಲಿ ಗೊತ್ತಾಗಿರಲಿಲ್ಲ. ತೂಕ ಹಾಕದೆ ಹೊರಟವಳು ನಾನು. ತಪ್ಪು ನನ್ನದೇ.

ಅಳು ಬಂತು. ತಡೆಯದೆ ಹೇಳಿಬಿಟ್ಟೆ. "ನಿಮ್ಮ ಚೀಲ ಮುಟ್ಟಬಾರ್ದು ಅಂತ ತೂಕ ಹಾಕ್ಲಿಲ್ಲ ಅತ್ತೆ. ನಿಮ್ಮನ್ನು ಕೊಲ್ತಿದ್ದೆ ನಾನಿವತ್ತು."

ಅತ್ತೆ ಬೆಂಚಿನ ಮೇಲೆ ಕೂತರು. ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟು ಕೇಳಿದರು, "ಮುಂದೆ ಎಷ್ಟು ಜಾಗ ಉಂಟು?"

"ಒಂದೇ ಚೀಲಕ್ಕೆ. ನನ್ನದನ್ನು ನಾಳೆ ಪಾರ್ಸೆಲ್‌ನಲ್ಲಿ ಮನೆಗೆ ಕಳಿಸ್ತೇನೆ. ನೀವು ನಿಮ್ಮದು ಇಟ್ಕೊಳ್ಳಿ."

"ಬೇಡ. ನಂದು ಕಳಿಸು."

ಆಗಸ್ಟ್ 11, ಸೋಮವಾರ

ಬೇಕರಿಯೊಳಗೇ ಪಾರ್ಸೆಲ್ ಕೌಂಟರ್. ಉರುಳಿಯನ್ನು ಹಳೆ ಪೇಪರಿನಲ್ಲಿ ಸುತ್ತಿದವಳು ನಾನು, ಟೇಪ್ ಹಿಡಿದವರು ಅವರು. ಮುಟ್ಟಬೇಡ ಅನ್ನಲಿಲ್ಲ. ಮೂತಿ ತೂಕ ನೋಡಲು ಅದೇ ಕೌಂಟರಿನ ತಕ್ಕಡಿ ಎರವಲು ಕೇಳಿದೆ. ಬೇಕರಿ ಹೆಂಗಸು ಹೊರಗೇ ತಂದುಕೊಟ್ಟಳು. ಹದಿಮೂರು ಕಿಲೋ. ದಾರಿಯುದ್ದಕ್ಕೂ ಪೆಟ್ಟಿಗೆ ಮಾತು ಕೇಳಿತು. ನನಗೆ ಹಾರಿದ ಹಾಗೆ ಖುಷಿ. ಸಂಜೆ ಇಬ್ಬರಿಗಾಗುವಷ್ಟು, ಎರಡು ಪಾವು ಅಕ್ಕಿ ಇಟ್ಟೆ.

ಅವರು ಬಾಳೆಹಣ್ಣು ತಿಂದು ಮಲಗಿದರು.

ಆಗಸ್ಟ್ 13, ಬುಧವಾರ

ಬಾಳೆಹಣ್ಣು. ಮೊಸರು. ಅವಲಕ್ಕಿ, ಅದೂ ನೆನೆಸಿದ್ದು. ಮೂರು ದಿನವಾಯಿತು. ಪಾತ್ರೆ ಕಳಿಸಿದ್ದು ಮತ್ತೆ ಯಾಕೆ? ನನ್ನ ಮೇಲೆ ಕರುಣೆಯೇ? ಸಿಟ್ಟು ಬರುತ್ತದೆ. ಪೆಟ್ಟಿಗೆಯ ಹಿಂದೆ ಕಳ್ಳಿಯ ಹಾಗೆ ಕೂತು ಒಬ್ಬಳೇ ಉಂಡೆ. 

ಆಗಸ್ಟ್ 14, ಗುರುವಾರ. ಲೂನೆಬುರ್ಗ್ ಹೈಡೆ

ಇಡೀ ಬಯಲು ನೇರಳೆ. ಮೊಣಕಾಲೆತ್ತರದ ಗಿಡ, ಕಣ್ಣು ಹೋದಷ್ಟೂ ಹೂವು. ಬೈಕ್ ನಿಲ್ಲಿಸಿದ ಮೇಲೂ ರಸ್ತೆ ನಮ್ಮ ಕೆಳಗೆ ಓಡುತ್ತಲೇ ಇತ್ತು. ಮಧ್ಯಾಹ್ನವೇ ಟೆಂಟ್ ಬಿಚ್ಚಿ ಇಬ್ಬರೂ ಬಿದ್ದುಕೊಂಡೆವು. ಹೊರಗೆ ಜೇನುಹುಳಗಳ ಸದ್ದು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಅಂಥ ಹೊತ್ತಿನಲ್ಲಿ ಅತ್ತೆ, ಮೇಲಿನ ಬಟ್ಟೆ ನೋಡುತ್ತಾ:

"ದೇವರು ಶಾಸ್ತ್ರ ಎಂತದ್ದೂ ಅಲ್ಲ ಮಾರಾಯ್ತಿ. ನಿಮ್ಮ ರಿಜಿಸ್ಟ್ರಿ ಮದುವೆ ಆದ ದಿವಸ ನಮ್ಮ ಮನೆ ಚಾವಡಿಯಲ್ಲಿ ನಿಂತು ಹೇಳಿದ್ದು ನಾನು. ಆ ಹುಡುಗಿ ಕೈಯ ಊಟ ಈ ಜನ್ಮದಲ್ಲಿ ಉಣ್ಣುದಿಲ್ಲ ಅಂತ. ಎಲ್ಲರೂ ಇದ್ದರು. ಸಿಟ್ಟು ಒಂದು ವರ್ಷದಲ್ಲೇ ಹೋಯ್ತು. ಹೇಳಿದ್ದು ಉಳೀತು. ಹೇಗೆ ಹಿಂದೆ ತಕ್ಕೊಳ್ಳುದು? ನಾಚಿಕೆ ಆಗ್ತದೆ."

ಅತ್ತೆ ತಲೆದಿಂಬು ಸರಿಮಾಡಿಕೊಂಡರು.

"ನೀನಾದರೂ ಕರೀತಿ ಅಂತ ಇದ್ದೆ. ನೀನೂ ಕರೀಲಿಲ್ಲ."

ಹೌದು. ಮೊದಲ ಸಲ ಅವರು ಬೇಡ ಅಂದದ್ದೇ ಕೊನೆ. ಆಮೇಲೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಊಟಕ್ಕೆ ಬನ್ನಿ ಅಂದವಳಲ್ಲ ನಾನು. ಇನ್ನೊಮ್ಮೆ ಬೇಡ ಅನ್ನಿಸಿಕೊಳ್ಳುವುದು ಬೇಕಿರಲಿಲ್ಲ. ಅಷ್ಟು ಸೊಕ್ಕು ನನಗೆ. ಅದಕ್ಕೆ ಮರ್ಯಾದೆ ಅಂತ ಹೆಸರಿಟ್ಟುಕೊಂಡಿದ್ದೆ.

ತಿರುಗಿ ನೋಡಿದರೆ ಕಣ್ಣು ಮುಚ್ಚಿದ್ದರು. ನಿದ್ದೆಯೋ, ನಟನೆಯೋ.

ಆಗಸ್ಟ್ 15

ಕರೆಯಲಿಲ್ಲ. ಬಾಯಿವರೆಗೆ ಬಂದದ್ದು "ನೀರು ಬೇಕಾ" ಆಗಿ ಹೊರಬಿತ್ತು.

ಆಗಸ್ಟ್ 16, ಶನಿವಾರ. ಬೆಳಗ್ಗೆ, ಸಮುದ್ರದ ದಡ

ನಿನ್ನೆ ಸಂಜೆ ತಲುಪಿದೆವು. ಈ ಬಾಲ್ಟಿಕ್ ನಮ್ಮ ಕಡಲಿನ ಹಾಗಲ್ಲ. ಅಬ್ಬರವಿಲ್ಲ, ವಾಸನೆಯೂ ಕಡಿಮೆ. ಬೆಳಗಿನ ಮಂಜಿನಲ್ಲಿ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೋ ಗೊತ್ತಾಗುವುದಿಲ್ಲ. ಅತ್ತೆ ಪ್ಯಾಂಟ್ ಮೊಣಕಾಲಿಗೆ ಮಡಚಿ ನೀರಲ್ಲಿ ನಿಂತಿದ್ದಾರೆ. ಅರ್ಧ ಗಂಟೆಯಿಂದ. "ಇದೆಂತ ಸಮುದ್ರ ಮಾರಾಯ್ತಿ, ನಿದ್ದೆ ಮಾಡ್ತಾ ಉಂಟು" ಅಂತ ಅಲ್ಲಿಂದಲೇ ಕೂಗಿದರು.

ಕುಚಲಕ್ಕಿ ಗಂಜಿ ಇಟ್ಟಿದ್ದೇನೆ. ಅವರ ಮನೆಯಲ್ಲೂ ಬೆಳಗ್ಗೆ ಇದೇ, ನಮ್ಮ ಮನೆಯಲ್ಲೂ ಇದೇ. ಈ ಒಲೆಗೆ ಮುಕ್ಕಾಲು ಗಂಟೆ ಬೇಕು. ಅದಕ್ಕೇ ಬರೆಯುತ್ತ ಕೂತದ್ದು. ಬೆಂದ ಮೇಲೆ ಕರೆಯುತ್ತೇನೆ. ಬೇಡ ಅಂದರೆ ಬೇಡ. ಸಂಜೆ ಮತ್ತೆ ಕರೆಯುತ್ತೇನೆ. ನಾಳೆಯೂ.

ಬೆಂದಿದೆ. ನೆಟ್ಟಗೆ ಕೂತಿದ್ದೇನೆ, ಮೊದಲ ಇಂಟರ್ವ್ಯೂಗೆ ಹೋದವಳ ಹಾಗೆ. ಅವರು ಮರಳು ಕೊಡವುತ್ತಾ ಬಂದರು, ಎದುರಿಗೇ ನಿಂತಿದ್ದಾರೆ. ಮುಖ ನೋಡಿ ಕರೆಯಲು ಧೈರ್ಯ ಸಾಲದು, ಪುಸ್ತಕ ನೋಡುತ್ತಲೇ ಅಂದೆ.

"ಅತ್ತೆ, ಊಟಕ್ಕೆ ಬನ್ನಿ."

  ಬರೆಯುವುದು ನಿಲ್ಲಿಸಿದರೆ ತಲೆ ಎತ್ತಬೇಕಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ... ಮುಚ್ಚಳ ತೆಗೆದ ಸದ್ದು. ಸೌಟಿನ ಸದ್ದು. ಬಗ್ಗಿದ್ದಾರೆ. ಒಂದು ಗುಟುಕು—

"ಇದಕ್ಕೆ ಉಪ್ಪು ಯಾರು ಹಾಕುದು?"

ಅಯ್ಯೋ ದೇವರೇ, ಉಪ್ಪು ಹಾಕಲು ಮರೆತೇ—