ಸೊಂಟದ ಮೇಲಿನ ಕೈ

ಬುಧವಾರ, ಮಧ್ಯಾಹ್ನ

ನನ್ನ ಮುದ್ದಿನ ತಂಗಿಗೆ,

ನಿನ್ನ ಗಂಡ ಕುದುರೆಯಿಂದ ಬಿದ್ದನೆಂದು ಬಂಗಲೆಯವರು ಹೇಳಿಕಳಿಸಿದ್ದಾರಂತೆ. ಹಸಿ ಸುಳ್ಳು. ಕುದುರೆಗಳ ನಡುವೆಯೇ ಬೆಳೆದವನು ಬೀಳುತ್ತಾನೆಯೇ? ಅವನನ್ನು ಹೊಡೆದದ್ದು ಧಣಿ. ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಯ ಮೇಲಿಂದ ಕತ್ತರಿಸಿದ್ದಾರೆ. ಜೀವಕ್ಕೆ ಅಪಾಯವಿಲ್ಲ ಎನ್ನುತ್ತಾರೆ ಡಾಕ್ಟರು. ಕೂತುಕೊಂಡು ಓದು.

ಚಿತ್ರ ಬರೆಯುವ ನಮ್ಮ ಕಸುಬಿನ ರೀತಿ ನಿನಗೆ ಗೊತ್ತಲ್ಲ. ದೊಡ್ಡವರು ಮುಖ ತೋರಿಸಲು ಒಂದು ಗಂಟೆ ಕೂತರೆ ಹೆಚ್ಚು. ಮೈಯನ್ನು ಬೇರೆ ಯಾರೋ ಕೊಡಬೇಕು. ಧಣಿಯದೇ ಎತ್ತರ, ಅದೇ ಭುಜ ಎಂದು ನಿನ್ನವನನ್ನು ಲಾಯದಿಂದ ಕರೆಸಿ, ಅವರ ಕೆಂಪು ಮಖಮಲ್ಲಿನ ನಿಲುವಂಗಿ ತೊಡಿಸಿ, ಮೇಲಿನ ಮೆಟ್ಟಿಲ ಮೇಲೆ ನಿಲ್ಲಿಸಿದವಳು ನಾನೇ. ಕೈ ಸೊಂಟದ ಮೇಲೆ, ಮೊಣಕೈ ನೋಡುವವರ ಎದೆಗೆ ತಿವಿಯುವಂತೆ. ಆ ಭಂಗಿ ಯಜಮಾನನಿಗೆ ಮಾತ್ರ. ಅವರ ಒಡಹುಟ್ಟಿದ ತಮ್ಮನೂ ಚಿತ್ರದಲ್ಲಿ ಕೈಗವಸು ಹಿಡಿದು ಒಂದು ಮೆಟ್ಟಿಲು ಕೆಳಗೇ ನಿಲ್ಲಬೇಕು. "ಅಕ್ಕಾ, ಈ ಅಂಗಿ ಹಾಕ್ಕೊಂಡ್ರೆ ಕುದುರೆಗಳೂ ನಂಗೆ ನಮಸ್ಕಾರ ಮಾಡ್ತವೆ" ಎಂದು ನಿನ್ನವನು ನಗುತ್ತಿದ್ದ. ತೋಳಿನ ಮಡಿಕೆ ಕೆಡುತ್ತದೆ, ನಾನು ಹೇಳುವ ತನಕ ಕೈ ತೆಗೆಯಬೇಡ ಎಂದು ಗದರಿದ್ದೆ.

ಸೋಮವಾರ ಬೆಳಿಗ್ಗೆ ಅವನು ಹಾಗೆ ನಿಂತಿದ್ದಾಗಲೇ ಧಣಿ ಹೇಳದೆ ಕೇಳದೆ ಅತಿಥಿಗಳನ್ನು ಕರೆತಂದರು. ಮುಂದೆ ಬಂದ ಮುದುಕರೊಬ್ಬರು ನಿನ್ನವನಿಗೇ ಬಗ್ಗಿ ವಂದಿಸಿದರು. ಅಂಗಿ, ಭಂಗಿ ನೋಡಿದವರು ಮುಖ ಏಕೆ ನೋಡುತ್ತಾರೆ? ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಧಣಿಯ ಮುಖ ಕಪ್ಪಿಟ್ಟಿತು.

"ಕೈ ಇಳಿಸೋ" ಎಂದರು.

ಅವನು ನನ್ನ ಕಡೆ ನೋಡಿದ. ಇಳಿಸಪ್ಪಾ ಎಂದು ನಾನು ಕೂಗಿದೆ, ಅವನಿಗೆ ಕೇಳಿಸಲಿಲ್ಲವೇನೋ. ಬೆಳ್ಳಿಹಿಡಿಯ ಬೆತ್ತ ಮೊಣಕೈಗೇ ಬಿತ್ತು. ಒಣಸೌದೆ ಮುರಿದ ಸದ್ದು. ಕೆಳಗುರುಳಿದವನ ಅದೇ ಕೈಯನ್ನು ಬೂಟಿನಡಿ ಒತ್ತಿ ಹಿಡಿದು, ಮೂಳೆ ಹೊರಬರುವ ತನಕ ಹೊಡೆದರು. ಮಖಮಲ್ಲಿನ ಮೇಲೆ ರಕ್ತ ಕಾಣಲೇ ಇಲ್ಲ, ನೆಲದಲ್ಲಿ ಹರಿದಾಗಲೇ ಕಂಡದ್ದು. ಅತಿಥಿಗಳು ಬೂಟಿಗೆ ತಾಗದಂತೆ ಹಿಂದೆ ಸರಿದು ನಿಂತರು. ಆ ಮನುಷ್ಯನ ಕೈ ಸೇದಿಹೋಗಲಿ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ನಿನ್ನವನು ಕೇಳಿದ್ದು ಒಂದೇ ಮಾತು: "ಅಂಗಿ ಹಾಳಾಯ್ತಾ ಅಕ್ಕಾ?" ನಾನು ಹೊರಗೆ ಹೋಗಿ ಅತ್ತೆ. ಬೇಗ ಹೊರಟು ಬಾ.

ನಿನ್ನ ಅಕ್ಕ

ತಾ.ಕ.: ಕೂಗಿದೆ ಎಂದು ಮೇಲೆ ಬರೆದದ್ದು ಸುಳ್ಳು. ಕೈ ಇಳಿಸಲೇ ಎಂದು ಅವನು ಕಣ್ಣಲ್ಲೇ ಕೇಳಿದ್ದು ನನಗೆ ತಿಳಿಯಿತು. ಹೆದರಿ ಸುಮ್ಮನಿದ್ದೆ ಎಂದು ನೀನು ಕ್ಷಮಿಸಬೇಡ, ಹೆದರಿರಲಿಲ್ಲ. ತೋಳಿನ ಮೇಲೆ ಬೆಳಕು ಸರಿಯಾಗಿ ಬಿದ್ದಿತ್ತು, ಒಂದೇ ಮಡಿಕೆ ಬಾಕಿ ಇತ್ತು. ಮೊದಲ ಏಟು ಬಿದ್ದಾಗಲೂ ನಾನು ಅದನ್ನೇ ಬರೆಯುತ್ತಿದ್ದೆ.