ದ್ರಾಕ್ಷಿ ಚಪ್ಪರದಲ್ಲಿ ನಮ್ಮ ಹಾಡು

ಆರ್.ಟಿ. ನಗರ, ಬೆಂಗಳೂರು
೩ ಮಾರ್ಚ್ ೧೯೮೫, ಭಾನುವಾರ

ಪ್ರೀತಿಯ ಗಂಗಾ,

ಹೇಗಿದ್ದೀಯೆ? ಗದಗಿನಲ್ಲಿ ಈಗಲೇ ಬಿಸಿಲು ಜೋರಾಗಿರಬೇಕು. ಮಕ್ಕಳ ಪರೀಕ್ಷೆ ಹತ್ತಿರ ಬಂತಲ್ಲ? ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿಕೊಂಡು ಬೈಯಿ. ನಮ್ಮ ಬ್ಲೂ ಗ್ರೇಪ್ಸ್‌ ಬ್ಯಾಂಡಿನ ಹಳೇ ಸಾಮಾನು ಜೋಪಾನ ಮಾಡುತ್ತೇನೆಂದು ಹೊರಟು ತಲೆ ಚಿಟ್ಟು ಹಿಡಿದುಹೋಗಿದೆ. ಮೂವರು ಹುಡುಗಿಯರು ಸೇರಿ ರಾಕ್ ಬಾರಿಸುವಾಗ ಇಷ್ಟು ಕಷ್ಟವಾಗಿರಲಿಲ್ಲ ಕಣೇ. ಬಾರಿಸಿದ್ದೆವು ಎಂದು ನಂಬಿಸುವುದೇ ಕಷ್ಟ.

ಸಂಕ್ರಾಂತಿ ಕಳೆದ ಮೇಲೆ ಲಚ್ಚಿ ಬ್ಯಾಂಕಿಗೆ ಫೋನ್ ಮಾಡಿದಳು. ನಮ್ಮ ಡ್ರಮ್ಮರ್ ಲಕ್ಷ್ಮಿದೇವಮ್ಮನವರು ಈಗ ರಾಜಾನುಕುಂಟೆಯ ತವರಿನಲ್ಲೇ ಇದ್ದಾರೆ. "ತಾಹೆರಕ್ಕಾ, ನಮ್ಮಣ್ಣ ಕೋಳಿ ಫಾರಂ ಮಾಡ್ತಾನಂತೆ. ಶೆಡ್ಡು ಖಾಲಿ ಮಾಡ್ತಾವ್ನೆ. ಬೇಗ್ ಬಾ" ಎಂದಳು. ಶೆಡ್ಡು ಅಂದರೆ ನಾವು ಪ್ರಾಕ್ಟೀಸ್ ಮಾಡುತ್ತಿದ್ದ, ದ್ರಾಕ್ಷಿ ಬುಟ್ಟಿ ಪೇರಿಸಿಡುತ್ತಿದ್ದ ಅದೇ ಶೆಡ್ಡು. ಬ್ಯಾಂಡು ನಿಂತಾಗ ಪೋಸ್ಟರು, ಫೋಟೊ, ಪೇಪರ್ ಕಟಿಂಗು, ಹಾಡುಗಳ ಸ್ಪೂಲ್ ಟೇಪು ಎಲ್ಲವನ್ನೂ ಟ್ರಂಕಿಗೆ ತುಂಬಿ ಅಲ್ಲೇ ಬಿಟ್ಟು ಬಂದಿದ್ದೆವಲ್ಲ.

ರಜೆ ಹಾಕಿ ಹೋದೆ. ಟ್ರಂಕು ಇತ್ತು. ಅದರ ಮುಚ್ಚಳ ಕಿತ್ತು ಕರುವಿಗೆ ಬೂಸಾ ಇಡಲು ಬಳಸಿದ್ದರು. ಪೋಸ್ಟರುಗಳ ಅರ್ಧಭಾಗ ಗೆದ್ದಲು ತಿಂದಿತ್ತು. ನಿನ್ನ ಮುಖ ಉಳಿದಿದೆ, ನನ್ನದು ಮೂಗಿನವರೆಗೆ ಮಾತ್ರ. ಟೇಪುಗಳೆಲ್ಲಿ ಎಂದು ಹುಡುಕಿದರೆ ಬರೀ ಖಾಲಿ ಚಕ್ರಗಳು. ಲಚ್ಚಿ ನನ್ನ ಕೈ ಹಿಡಿದು ತೋಟಕ್ಕೆ ಕರೆದುಕೊಂಡು ಹೋದಳು.

ಗಂಗಾ, ನಮ್ಮ ಹಾಡುಗಳು ದ್ರಾಕ್ಷಿ ಚಪ್ಪರದ ಉದ್ದಕ್ಕೂ ಕಟ್ಟಿದ್ದವು. ಕಂದು ಬಣ್ಣದ ಟೇಪು, ಒಂದು ಕಲ್ಲುಕಂಬದಿಂದ ಇನ್ನೊಂದಕ್ಕೆ ಎಳೆದು ಬಿಗಿದದ್ದು, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಲಚ್ಚಿಯ ಅಪ್ಪ ಪಿಳ್ಳಪ್ಪನವರು ಎಷ್ಟು ಖುಷಿಯಿಂದ ಬಂದರು ಅಂತೀಯ! "ಬಾ ತಾಯಿ, ನೋಡು, ನಿಮ್ಮ ಆಡು ಎಂಗ್ ಕೆಲ್ಸ ಮಾಡ್ತೈತೆ! ಗಾಳಿ ಬೀಸಿದ್ರೆ ಗುಂಯ್ ಅಂತೈತೆ. ಒಂದ್ ಗಿಣಿನೂ ಅತ್ರ ಸುಳಿಯಾಕಿಲ್ಲ."

"ಅಪ್ಪಾ, ಅದು ನಮ್ದು ಅಂತ ಗೊತ್ತಿರ್ನಿಲ್ವಾ ನಿಂಗೆ?" ಎಂದು ಲಚ್ಚಿ ಅರಚಿದಳು.

"ಗೊತ್ತಿತ್ತು ಕಣವ್ವ. ಪೆಟ್ಟಿಗೇಲಿ ಸುಮ್ಕೆ ಬಿದ್ದಿತ್ತು. ಇಷ್ಟು ವರ್ಸ ಯಾರಾದ್ರೂ ಬಂದು ಕೇಳಿದ್ರಾ?"

ನಾನೂ ಲಚ್ಚಿಯೂ ಸಂಜೆಯವರೆಗೆ ನಿಂತು ಟೇಪು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚಕ್ರಕ್ಕೆ ಸುತ್ತಿದೆವು. ಬಳ್ಳಿಗೆ ಔಷಧಿಯೆಂದು ಸಿಂಪಡಿಸಿದ ಮೈಲುತುತ್ತದ ನೀಲಿ ಇನ್ನೂ ನನ್ನ ಉಗುರಿನಲ್ಲಿದೆ. ಪರಿಚಯದ ರೇಡಿಯೊ ರಿಪೇರಿಯವರ ಹತ್ತಿರ ಹಾಕಿಸಿದೆ. ಬಹಳಷ್ಟು ಬರೀ ಗೊರಗೊರ. ಆದರೆ ನಡುವೆ ಒಂದು ಹಾಡು ಪೂರ್ತಿ ಉಳಿದಿದೆ, ಲಚ್ಚಿಯ ಡ್ರಮ್ಮಿನ ಏಟು ಅಂಗಡಿಯ ಗಾಜು ನಡುಗಿಸಿತು.

ಅದನ್ನು ಎಲ್ಲಾದರೂ ಭದ್ರವಾಗಿ ಇಡಿಸೋಣವೆಂದು ಊರೊಳಗಿನ ಒಂದು ಸಂಗೀತ ಸಂಸ್ಥೆಗೆ ಹೋದೆ. ಹೆಸರು ಬರೆಯುವುದಿಲ್ಲ, ಬರೆದರೆ ಮತ್ತೆ ಮೈ ಉರಿಯುತ್ತದೆ. ಕಾರ್ಯದರ್ಶಿಗಳು ಫೋಟೊಗಳನ್ನು ಇಸ್ಪೀಟೆಲೆಯ ಹಾಗೆ ಕಲೆಸಿ, "ಆರ್ಕೆಸ್ಟ್ರಾ ಯಾರದ್ದು ಮೇಡಂ?" ಎಂದರು.

"ನಮ್ಮದೇ ಸಾರ್."

"ಅಲ್ಲ, ನಡೆಸ್ತಾ ಇದ್ದೋರು ಯಾರು? ಮಾಸ್ಟರ್ ಅಂತ ಒಬ್ರು ಇರ್ತಾರಲ್ಲ?"

"ನಾವೇ ಬರೆದು, ನಾವೇ ನುಡಿಸಿ, ನಾವೇ ನಡೆಸಿದ್ದು."

ಅವರು ಪಾಪ ಅನ್ನುವ ಹಾಗೆ ನಕ್ಕರು. ಫೋಟೊದ ಮೂಲೆಯಲ್ಲಿ ವೈರು ಹಿಡಿದು ನಿಂತಿದ್ದ ಮೈಕ್‌ಸೆಟ್ ವೆಂಕಟೇಶಪ್ಪನ ಮೇಲೆ ಬೆರಳಿಟ್ಟು, "ಇವರ ಹೆಸರಲ್ಲಿ ಹಾಕ್ಕೊಳ್ಳೋಣ್ವಾ? 'ವೆಂಕಟೇಶಪ್ಪ ಮತ್ತು ತಂಡ' ಅಂತ?" ಎಂದರು. ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಎದ್ದು ಬಂದೆ. ಮೆಟ್ಟಿಲು ಇಳಿಯುವಾಗ ವೆಂಕಟೇಶಪ್ಪ ಈ ಮಾತು ಕೇಳಿದ್ದರೆ ಎಷ್ಟು ಗಾಬರಿಯಾಗುತ್ತಿದ್ದ ಎಂದುಕೊಂಡು ಒಬ್ಬಳೇ ನಕ್ಕೆ. ಬಸ್‌ಸ್ಟಾಪಿನಲ್ಲಿ ಅತ್ತೆ.

ಈಗ ಎಲ್ಲ ನಮ್ಮ ಮನೆಯ ಬೀರುವಿನಲ್ಲಿದೆ, ನುಸಿಗುಳಿಗೆ, ಬೇವಿನೆಲೆಗಳ ನಡುವೆ. ಅಮ್ಮಿಯ ರೇಷ್ಮೆ ಸೀರೆಗಳು ಮಂಚದ ಕೆಳಗಿನ ಪೆಟ್ಟಿಗೆಗೆ ಇಳಿದಿವೆ. ಮೊಮ್ಮಕ್ಕಳಿಗೆ ಏನು ತೋರಿಸುತ್ತೀಯೆ, ಈ ಕಸವನ್ನಾ ಎಂದು ದಿನಾ ಗೊಣಗುತ್ತಾರೆ. ಹೂಂ, ಇದನ್ನೇ ಎನ್ನುತ್ತೇನೆ. ಲಚ್ಚಿ ಭಾನುವಾರ ಬಂದು ಫೋಟೊಗಳ ಹಿಂದೆ ಊರು, ಹೆಸರು ಬರೆದು ಹೋಗುತ್ತಾಳೆ. ಅವಳಿಗೆ ಎಲ್ಲ ನೆನಪಿದೆ.

ನಿನ್ನ ಯಜಮಾನರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಮಕ್ಕಳು ಚೆನ್ನಾಗಿ ಓದಲಿ. ದೇವರು ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ,
ತಾಹೆರಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನೀನು ಕಳಿಸಿದ ಕ್ಯಾಸೆಟ್ಟು ತಲುಪಿತು. ಯಲಹಂಕದ ನಮ್ಮ ಕೊನೇ ಶೋ ಇದ್ದದ್ದು ಅದೊಂದರಲ್ಲೇ. ಹಾಕಿದರೆ ಹಾರ್ಮೋನಿಯಂ ಕೇಳಿತು. ಮಕ್ಕಳು ತಿಳಿಯದೆ ರೆಕಾರ್ಡ್ ಗುಂಡಿ ಒತ್ತಿರಬೇಕು ಎಂದುಕೊಂಡೆ. ಆಮೇಲೆ ಹಾಡು ಶುರುವಾಯಿತು, ನಿನ್ನ ದನಿಯಲ್ಲಿ. ಯಾವುದೋ ಮದುವೆ ಮನೆ. "ಇನ್ನೊಂದು ಹಾಡ್ರಿ ಗಂಗಕ್ಕಾ, ಇನ್ನೊಂದು" ಎನ್ನುತ್ತಾರೆ. ನೀನು ನಕ್ಕು ಇನ್ನೊಂದು ಹಾಡುತ್ತೀಯೆ. ಎರಡೂ ಬದಿ ತುಂಬಾ ಅದೇ. ಬಹಳ ಚೆನ್ನಾಗಿ ಹಾಡಿದ್ದೀಯೆ.

ಗಂಡನ ಮನೆಯವರು ಹಾಡಕೂಡದು ಅಂದಿದ್ದಾರೆ, ಇನ್ನು ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ ಎಂದು ಅತ್ತಿದ್ದೆಯಲ್ಲ. ನಿನಗಿಲ್ಲದ್ದು ನಮಗೂ ಬೇಡವೆಂದು ನಾನು ಗಿಟಾರ್ ಕೊಟ್ಟುಬಿಟ್ಟೆ, ಲಚ್ಚಿ ಡ್ರಮ್ಮಿಗೆ ಗೋಣಿತಾಟು ಹೊದಿಸಿದಳು. ನಮ್ಮ ಜೊತೆ ಹಾಡಿದ್ದು ಸಾಕಾಯಿತು ಎಂದು ಆಗಲೇ ಅಂದಿದ್ದರೆ ಬೇರೆ ಹಾಡುಗಾರ್ತಿಯನ್ನು ಹುಡುಕಿಕೊಳ್ಳುತ್ತಿದ್ದೆವು ಗಂಗಾ.

ಕ್ಯಾಸೆಟ್ಟು ಇನ್ನೂ ಬಂದಿಲ್ಲ ಎಂದು ಲಚ್ಚಿಗೆ ಹೇಳಿದ್ದೇನೆ. ಅವಳಿಗೆ ನೀನೇ ಬರೆ.