ಸದ್ದಿಲ್ಲದೆ ಹಾಡುತ್ತಿದ್ದ ಅಬ್ರೆಹೆತ್ ಅಕ್ಕನಿಗೆ

ನನ್ನ ಅಬ್ರೆಹೆತ್ ಅಕ್ಕಾ,

ಸೌದಿಯ ಯಾನ್ಬುವಿನಲ್ಲಿದ್ದ ನಮ್ಮ ಫ್ಲಾಟಿಗೆ ನೀನು ಮೊದಲ ಸಲ ಬಂದ ಶುಕ್ರವಾರ ನೆನಪಿದೆಯಾ? ನಾವು ಮಂಗಳೂರಿನ ಕೆಲವು ಮನೆಯವರು ಟಿವಿ ಜೋರಾಗಿ ಇಟ್ಟು, ಅದರ ಮರೆಯಲ್ಲಿ ಜಪಸರ ಮುಗಿಸಿ ಹಾಡುತ್ತಿದ್ದೆವು. ನಿನ್ನ ತುಟಿ ಆಡುತ್ತಿತ್ತು, ದನಿಯೇ ಇಲ್ಲ. ನಮ್ಮ ಕೊಂಕಣಿ ಹಾಡು ಬಾರದೇನೋ ಎಂದು ನಿನ್ನ ಭಾಷೆಯದನ್ನೇ ಹಾಡಲು ಒತ್ತಾಯಿಸಿದೆ. ಆಗಲೂ ತುಟಿ ಮಾತ್ರ! “ಎಂತ ಅಕ್ಕ, ಗಂಟಲು ಹೋಗಿದೆಯಾ?” ಎಂದು ನಗಾಡಿ ಬಿಸಿನೀರು ತಂದಿಟ್ಟೆ. ಎಂಥ ಪೆದ್ದಿ ನಾನು. ಎರಿಟ್ರಿಯಾದಲ್ಲಿ ನಿಮ್ಮ ಸಭೆಗೆ ಸರಕಾರದ ಒಪ್ಪಿಗೆಯಿಲ್ಲ, ಹಾಡು ಪಕ್ಕದ ಮನೆಗೆ ಕೇಳಿಸಿದರೆ ಜೈಲು ಎಂದು ಆಮೇಲೆ ನೀನೇ ಹೇಳಿದೆ. ಅಲ್ಲಿ ಅಡಗಿದ ದನಿ ಇಲ್ಲಿಯೂ ಹೊರಡಲೇ ಇಲ್ಲ.

ನಮ್ಮಿಬ್ಬರನ್ನೂ ಡ್ಯೂಟಿಗೆ ಒಯ್ಯುವ ಆಸ್ಪತ್ರೆಯ ಬಸ್ಸು ಬಂದರಿನ ದಾರಿ ಹಿಡಿದಾಗಲೆಲ್ಲ ನೀನು ಕಿಟಕಿಯ ಪರದೆ ಎಳೆಯುತ್ತಿದ್ದೆ. ಬಿಸಿಲಿಗೆ ಎಂದುಕೊಂಡಿದ್ದೆ. ಸಾಲಾಗಿ ನಿಂತ ಕಂಟೇನರ್‌ಗಳನ್ನು ನೋಡಲಾಗುತ್ತಿರಲಿಲ್ಲ ನಿನಗೆ. ನಿಮ್ಮೂರಿನಲ್ಲಿ ಯಾರದೋ ಮದುವೆಯಲ್ಲಿ ಪ್ರಾರ್ಥಿಸಿದ್ದಕ್ಕೆ ನಿನ್ನ ಗಂಡ ಯೋನಾಸ್ ಭಾವನನ್ನು ಅಂಥದ್ದೇ ಕಬ್ಬಿಣದ ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದರು. ಇನ್ನು ಹೀಗೆ ಪ್ರಾರ್ಥಿಸುವುದಿಲ್ಲ ಎಂದರೆ ಬಿಡುಗಡೆ. ಭಾವ ಹಾಗೆ ಹೇಳಲಿಲ್ಲ. ಎಂಥ ವಿಶ್ವಾಸ ಎಂದು ನಾನು ಹೊಗಳಲು ಹೋದರೆ, ನನ್ನಿಂದಲೇ ಕಲಿತ ಮಾತಿನಲ್ಲಿ ನೀನು ರೇಗಿದೆ: “ಸುಮ್ಮನಿರು ಮಾರಾಯ್ತಿ! ದೇವರಿಗೆ ಬೇಕಾದಷ್ಟು ಜನ ಇದ್ದಾರೆ. ನನಗೆ ಇರುವುದು ಇವನೊಬ್ಬ.” ಜೈಲಿಗೆ ಬಟ್ಟೆ ಕೊಡಲು ಹೋಗುವ ನಿನ್ನ ಅತ್ತೆಯ ಹತ್ತಿರ ನೀನು ಭಾವನಿಗೆ ಹೇಳಿಕಳಿಸಿದೆ, ಆ ಒಂದು ಮಾತು ಹೇಳಿ ಹೊರಗೆ ಬಾ, ಇಲ್ಲದಿದ್ದರೆ ಈ ಜನ್ಮದಲ್ಲಿ ನಿನ್ನ ಜೊತೆ ಮಾತಿಲ್ಲ ಎಂದು. ಹೇಳಿಕಳಿಸಿ ಎಷ್ಟು ಅತ್ತಿದ್ದೆ ನೀನು…

ಆಮೇಲೊಂದು ಬೆಳಗ್ಗೆ ಡ್ಯೂಟಿಗೆ ಹೊರಟವಳು ನೀನು ಲಿಫ್ಟಿನ ಬಾಗಿಲಲ್ಲೇ ಕುಸಿದೆ. ನಾವಿಬ್ಬರೂ ನರ್ಸುಗಳು, ಆದರೂ ನಿನ್ನನ್ನು ಉಳಿಸಲು ನನ್ನ ಕೈಯಲ್ಲಿ ಏನೂ ಆಗಲಿಲ್ಲ. ಜಿದ್ದಾದಲ್ಲಿ ನಿನ್ನನ್ನು ಮಣ್ಣು ಮಾಡಿದೆವು. ದೇವರ ಮೇಲೆ ನನಗಿನ್ನೂ ಕೋಪವಿದೆ, ಸುಳ್ಳೇಕೆ ಹೇಳಲಿ?

ಮೊನ್ನೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ತಡವರಿಸುವ ಅರಬಿ ಮಾತು. “ನಾನು ಯೋನಾಸ್. ಹೊರಗೆ ಬಂದೆ.” ಮಗನ ಮುಖ ನೋಡಿ ನಿನ್ನ ಸಾವಿನ ಸುದ್ದಿ ಹೇಳಲಾಗದೆ, ನಿನ್ನ ಫೋನು ಕೆಟ್ಟಿದೆ ಎಂದು ಅತ್ತೆ ನನ್ನ ನಂಬರು ಕೊಟ್ಟಿದ್ದರಂತೆ. ನಾನು ಬಾಯಿ ತೆರೆಯುವ ಮೊದಲೇ ಭಾವ ಒಂದೇ ಉಸಿರಿಗೆ ಹೇಳಿದರು: “ಅವಳು ಹೇಳಿಕಳಿಸಿದ್ದು ತಲುಪಿತು. ಅವರಿಗೆ ಬೇಕಾದ ಮಾತು ಹೇಳಿಬಿಟ್ಟೆ. ದೇವರ ಹತ್ತಿರ ಆಮೇಲೆ ಕ್ಷಮೆ ಕೇಳುತ್ತೇನೆ. ಮೊದಲು ಅವಳನ್ನು ಕೇಳು ತಂಗೀ, ಸಿಟ್ಟು ಇಳಿಯಿತಾ?”

ಇಳಿದಿದೆ ಭಾವ, ಎಂದೆ.

ಉಳಿದದ್ದನ್ನು ಆಮೇಲೆ ಹೇಳಿದೆ, ಅಕ್ಕಾ.